ಚಿತ್ರಕಾರನ ವೀಣೆ

ಮಂದಾರ್ತಿ, ಮಾರಣಕಟ್ಟೆ ಮೇಳಗಳ ಬಯಲಾಟ ನಡೆಯುವ ಊರುಗಳಲ್ಲಿ ಮಕ್ಕಳು ಮೊದಲು ಓಡುವುದು ರಂಗಸ್ಥಳದ ಕಡೆಗಲ್ಲ, ಚೌಕಿಯ ಕಡೆಗೆ. ಅಲ್ಲಿ ಸಾಲಾಗಿ ಇಟ್ಟ ಪೆಟ್ಟಿಗೆಗಳ ಮುಂದೆ ವೇಷಧಾರಿಗಳು ಚಕ್ಕಳಮಕ್ಕಳ ಹಾಕಿ ಕುಳಿತು, ಒಂದು ಕೈಯಲ್ಲಿ ಪುಟ್ಟ ಕನ್ನಡಿ ಹಿಡಿದು, ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಿರುತ್ತಾರೆ. ಅರ್ದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು ಒಂದರ ಪಕ್ಕದಲ್ಲಿ ಒಂದು ಕೂಡುತ್ತ ಹೋದಂತೆ, ಹಗಲಿನಲ್ಲಿ ಗದ್ದೆಯ ಅಂಚಿನಲ್ಲಿ ಕಂಡಿದ್ದ ಮನುಷ್ಯ ಕಣ್ಣೆದುರಿಗೇ ಕರ್ಣನಾಗುತ್ತಾನೆ, ಕೀಚಕನಾಗುತ್ತಾನೆ. ರಾಕ್ಷಸ ವೇಷದವನ ಕೆನ್ನೆಯ ಮೇಲೆ ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿ ಏಳುವುದನ್ನು ನೋಡಲು ತಾಳ್ಮೆ ಬೇಕು. ಮಕ್ಕಳಿಗೆ ಆ ಹೊತ್ತಿನಲ್ಲಿ ಅದು ಹೇಗೋ ಬಂದಿರುತ್ತದೆ. ಹೊರಗೆ ಮದ್ದಲೆಗೆ ಶ್ರುತಿ ಕೂಡಿಸುವ ಸದ್ದು ಕೇಳುತ್ತಿರುತ್ತದೆ. ಹುಬ್ಬನ್ನು ತೀಡುವ ಕೈಯೂ ಮುಂದಿನ ಗಳಿಗೆಯಲ್ಲಿ ತಾಳಕ್ಕೆ ಹೆಜ್ಜೆ ಹಾಕಬೇಕಾದ ಕಾಲೂ ಒಬ್ಬನದೇ. ಬಣ್ಣ ಬೇರೆ, ನಾದ ಬೇರೆ ಎಂಬ ವಿಚಾರ ಅಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ.

ಆದರೆ ಅದೇ ಸೀಮೆಯಲ್ಲಿ, ಗಂಗೊಳ್ಳಿಯ ಅಳಿವೆಯನ್ನು ದೋಣಿಯಲ್ಲಿ ದಾಟಿ ಬದುಕಿದ ಜನರ ನಡುವೆ, ಇನ್ನೊಂದು ಮಾತೂ ಬಳಕೆಯಲ್ಲಿದೆ. ಎರಡು ದೋಣಿಗಳ ಮೇಲೆ ಕಾಲಿಡಬಾರದು ಎಂಬುದು ಆ ಮಾತು. ವಿದ್ಯೆಯ ವಿಷಯದಲ್ಲಿಯೂ ಹಿರಿಯರು ಅದನ್ನು ಹೇಳುವುದುಂಟು: ಒಂದನ್ನು ಹಿಡಿ, ಅದರಲ್ಲಿ ಕೊನೆಮುಟ್ಟು ಎಂದು. ಈ ಬುದ್ಧಿವಾದ ಸುಳ್ಳಲ್ಲ. ಮನುಷ್ಯನ ಆಯುಷ್ಯ ಚಿಕ್ಕದು. ಒಂದು ಕಲೆಯೇ ಅದನ್ನು ಪೂರ್ತಿಯಾಗಿ ಕೇಳುತ್ತದೆ. ಹಾಗಿರುವಾಗ, ಕುಂಚದಲ್ಲಿ ಹೆಸರು ಪಡೆದ ಒಬ್ಬರು ನಡುಹರೆಯದಲ್ಲಿ ವೀಣೆಯನ್ನು ಮಡಿಲಿಗೆ ತೆಗೆದುಕೊಂಡು ವರ್ಷಗಟ್ಟಲೆ ಅದರ ಮುಂದೆ ಕುಳಿತರೆ ಅದನ್ನು ಏನೆಂದು ಹೇಳಬೇಕು? ಕನ್ನಡ ನಾಡಿನ ಆಧುನಿಕ ಚಿತ್ರಕಲೆಯ ಮೊದಲಿಗರಲ್ಲಿ ಒಬ್ಬರಾದ ಕೆ. ವೆಂಕಟಪ್ಪನವರ ಬದುಕು ಈ ಪ್ರಶ್ನೆಯನ್ನು ಎತ್ತುತ್ತದೆ.

ವೆಂಕಟಪ್ಪನವರು ಹುಟ್ಟಿದ್ದು 1880ರ ದಶಕದಲ್ಲಿ, ಮೈಸೂರಿನಲ್ಲಿ, ಅರಮನೆಗೆ ಚಿತ್ರ ಬರೆದುಕೊಡುತ್ತಿದ್ದ ಚಿತ್ರಗಾರರ ಮನೆತನದಲ್ಲಿ. ತಂದೆ ಕೃಷ್ಣಪ್ಪನವರು ಆಸ್ಥಾನದ ಚಿತ್ರಕಾರರು. ಚಿನ್ನದ ರೇಕು, ಉಬ್ಬುಕೆಲಸ, ನವುರಾದ ಗೆರೆ, ದೇವತೆಗಳ ಶಾಂತವಾದ ಮುಖ, ಇವು ಮೈಸೂರು ಸಂಪ್ರದಾಯದ ಚಿತ್ರಗಳ ಲಕ್ಷಣಗಳು. ಹುಡುಗ ಬೆಳೆದದ್ದು ಅವುಗಳ ನಡುವೆ. ಆದರೆ ಆ ಹೊತ್ತಿಗೆ ಮೈಸೂರಿನ ಗೋಡೆಗಳ ಮೇಲೆ ಬೇರೊಂದು ಬಗೆಯ ಚಿತ್ರಗಳೂ ಬಂದಿದ್ದುವು. ಕೇರಳದ ರಾಜಾ ರವಿವರ್ಮರು ಎಣ್ಣೆಬಣ್ಣದಲ್ಲಿ ಬರೆದ ಆಳೆತ್ತರದ ಚಿತ್ರಗಳು ಅವು. ಮೈಸೂರು ಅರಸರಿಗಾಗಿ ಅವರು 1889ರ ಸುಮಾರಿಗೆ ಬರೆದ ಸಂಗೀತಗಾರ್ತಿಯರ ಗುಂಪಿನ ಚಿತ್ರ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಪ್ರಸಿದ್ಧವಾಯಿತು. ಅದರಲ್ಲಿ ಹನ್ನೊಂದು ಮಂದಿ ಹೆಂಗಸರಿದ್ದಾರೆ. ಒಬ್ಬೊಬ್ಬರದು ಒಂದೊಂದು ಪ್ರಾಂತದ ಉಡುಗೆ; ಕೆಲವರ ಕೈಯಲ್ಲಿ ವಾದ್ಯ; ವೀಣೆಯೂ ಅವುಗಳಲ್ಲಿ ಒಂದು. ಸೀರೆಯ ನೆರಿಗೆ, ಮೂಗುತಿಯ ಹೊಳಪು, ವಾದ್ಯದ ಮರದ ನುಣುಪು ಎಲ್ಲವನ್ನೂ ಕೈಯಿಂದ ಮುಟ್ಟಬಹುದೇನೋ ಎನ್ನುವಷ್ಟು ನಿಜವಾಗಿ ಬರೆಯಲಾಗಿದೆ. ಆದರೂ ಒಂದು ಮಾತನ್ನು ಹೇಳಬೇಕು. ಅಲ್ಲಿ ವೀಣೆಗೆ ಸಲ್ಲುವ ಗೌರವ ರೇಷ್ಮೆಯ ಸೀರೆಗೆ ಸಲ್ಲುವ ಗೌರವವೇ. ಚಿತ್ರಕಾರನು ವಾದ್ಯವನ್ನು ಕಣ್ಣಿನಿಂದ ಚೆನ್ನಾಗಿ ಬಲ್ಲನು. ಬೆರಳಿನಿಂದ ಬಲ್ಲನೋ ಇಲ್ಲವೋ ಚಿತ್ರ ಹೇಳುವುದಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ ಕೃಪೆಯಿಂದ ವೆಂಕಟಪ್ಪನವರು 1909ರಲ್ಲಿ ಕಲ್ಕತ್ತೆಯ ಸರ್ಕಾರೀ ಕಲಾಶಾಲೆಗೆ ಹೋದರು. ಅವನೀಂದ್ರನಾಥ ಠಾಕೂರರು ಅಲ್ಲಿ ಗುರುಗಳು. ನಂದಲಾಲ ಬಸು, ಅಸಿತಕುಮಾರ ಹಲ್ದಾರ್ ಮೊದಲಾದವರು ಸಹಪಾಠಿಗಳು. ರವಿವರ್ಮರ ಎಣ್ಣೆಬಣ್ಣದ ದಾರಿಯನ್ನು ಬಿಟ್ಟು, ಅಜಂತೆ, ಮೊಗಲ, ರಜಪೂತ ಚಿತ್ರಗಳಿಂದಲೂ ಜಪಾನಿನ ಕಲಾವಿದರಿಂದಲೂ ಕಲಿತು, ಭಾರತೀಯವಾದ ಹೊಸ ಆಕೃತಿಚಿತ್ರವೊಂದನ್ನು ಕಟ್ಟಬೇಕೆಂದು ಆ ಬಳಗ ಹಂಬಲಿಸುತ್ತಿದ್ದ ಕಾಲ ಅದು. ಕಾಗದದ ಮೇಲೆ ತೆಳುವಾಗಿ ಬಣ್ಣ ಹಚ್ಚಿ, ಆ ಕಾಗದವನ್ನು ನೀರಿನಲ್ಲಿ ಅದ್ದಿ ತೆಗೆದು, ಒಣಗಿಸಿ ಮತ್ತೆ ಬಣ್ಣ ಹಚ್ಚುವ ಒಂದು ವಿಧಾನವನ್ನು ಅವನೀಂದ್ರನಾಥರು ರೂಢಿಗೆ ತಂದಿದ್ದರು. ಹಲವು ಬಾರಿ ಹೀಗೆ ಮಾಡಿದ ಮೇಲೆ ಬಣ್ಣವು ಕಾಗದದ ಮೇಲೆ ಕುಳಿತಂತಿರದೆ ಅದರ ಒಳಗಿನಿಂದಲೇ ಮೂಡಿದಂತೆ ಕಾಣುತ್ತದೆ. 1909 ಮತ್ತು 1911ರ ನಡುವೆ ಇಂಗ್ಲೆಂಡಿನ ಲೇಡಿ ಹೆರಿಂಗ್‌ಹ್ಯಾಮ್ ಅವರು ಅಜಂತೆಯ ಭಿತ್ತಿಚಿತ್ರಗಳ ಪ್ರತಿ ತೆಗೆಯಲು ಬಂದಾಗ ಕಲ್ಕತ್ತೆಯಿಂದ ನೆರವಿಗೆ ಹೋದ ತರುಣರಲ್ಲಿ ವೆಂಕಟಪ್ಪನವರೂ ಒಬ್ಬರು. ಗುಹೆಯ ಮಬ್ಬು ಬೆಳಕಿನಲ್ಲಿ, ಸಾವಿರದೈನೂರು ವರ್ಷಗಳ ಹಿಂದಿನ ಕೈಯೊಂದು ಎಳೆದ ಗೆರೆಯನ್ನು ತನ್ನ ಕೈಯಿಂದ ಮತ್ತೆ ಎಳೆಯುವುದಕ್ಕಿಂತ ದೊಡ್ಡ ಪಾಠ ಚಿತ್ರಕಾರನಿಗೆ ಇನ್ನಾವುದಿದೆ?

ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಮತ್ತು ಬೌದ್ಧ ಪುರಾಣಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳಿದ ಗ್ರಂಥವೊಂದು 1913ರಲ್ಲಿ ಪ್ರಕಟವಾಯಿತು. ಅದರ ರಾಮಾಯಣ ಭಾಗಕ್ಕೆ ವೆಂಕಟಪ್ಪನವರು ಚಿತ್ರಗಳನ್ನು ಬರೆದರು. ರಾವಣನೊಡನೆ ಹೋರಾಡುವ ಜಟಾಯುವಿನಂಥ ಪ್ರಸಂಗಗಳು ಅವರ ಗೆರೆಯ ಮೂಲಕ ದೂರದೇಶದ ಓದುಗರನ್ನು ಮುಟ್ಟಿದುವು. ಗೆರೆ ಶುದ್ಧ, ಬಣ್ಣ ಸಂಯಮದ್ದು. ತರುಣನೊಬ್ಬನಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೆ? ಕಲ್ಕತ್ತೆಯಲ್ಲಿಯೇ ನಿಂತಿದ್ದರೆ ಸಹಪಾಠಿಗಳಂತೆ ದೇಶದ ನಡುವೆ ಬೆಳೆಯಬಹುದಾಗಿತ್ತು. ಆದರೆ 1916ರ ಸುಮಾರಿಗೆ ಅವರು ಮೈಸೂರಿಗೆ ಮರಳಿದರು. ಮರಳಿ ಬಂದು ಹಿಡಿದದ್ದು ವೀಣೆಯನ್ನು.

ಅಂದಿನ ಮೈಸೂರನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಆಸ್ಥಾನದಲ್ಲಿ ವೀಣೆ ಶೇಷಣ್ಣನವರು ಇದ್ದರು. 1852ರಲ್ಲಿ ಹುಟ್ಟಿದ ಅವರು ಆ ವೇಳೆಗೆ ಅರುವತ್ತನ್ನು ದಾಟಿದ್ದರು. ವೈಣಿಕ ಶಿಖಾಮಣಿ ಎಂಬ ಬಿರುದಿಗಿಂತ ದೊಡ್ಡದಾಗಿತ್ತು ಅವರ ಹೆಸರು. ದಕ್ಷಿಣ ದೇಶದಲ್ಲಿ ವೀಣೆಯೆಂದರೆ ಮೈಸೂರು ಎಂದು ಜನ ಹೇಳುವಂತೆ ಮಾಡಿದವರಲ್ಲಿ ಅವರು ಅಗ್ರಗಣ್ಯರು. ಚಿತ್ರಕಾರರಾದ ವೆಂಕಟಪ್ಪನವರು ಅವರ ಬಳಿಗೆ ಶಿಷ್ಯರಾಗಿ ಹೋದರು. ಹೆಸರು ಮಾಡಿದ ಮೇಲೆ ಮತ್ತೆ ಮೊದಲ ಪಾಠಕ್ಕೆ ಕುಳಿತುಕೊಳ್ಳುವುದು ಸುಲಭವಲ್ಲ. ಬಾಲ್ಯದಲ್ಲಿ ಬೆರಳು ಬಾಗುತ್ತದೆ, ಮನಸ್ಸು ಬಾಗುತ್ತದೆ. ಮೂವತ್ತರ ಮೇಲೆ ಎರಡೂ ಬಿರುಸು. ಸರಳೆ, ಜಂಟಿವರಸೆ, ಅಲಂಕಾರಗಳನ್ನು ಎಳೆಯ ಮಕ್ಕಳಂತೆ ತಿದ್ದುತ್ತ ಹೋಗಲು ಒಂದು ಬಗೆಯ ನಿರಹಂಕಾರ ಬೇಕು. ವೆಂಕಟಪ್ಪನವರ ಸ್ವಭಾವ ಉಳಿದ ವಿಷಯಗಳಲ್ಲಿ ಬಾಗುವಂಥದಾಗಿರಲಿಲ್ಲ ಎಂಬುದನ್ನು ನೆನೆದಾಗ ಈ ಶಿಷ್ಯವೃತ್ತಿ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಅವರು ಹಿಡಿದ ವಾದ್ಯವಾದರೂ ಎಂಥದು! ಇಂದು ಕಾಣುವ ವೀಣೆಯ ರೂಪ ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲಕ್ಕೆ ನೆಲೆಗೊಂಡಿತೆಂದು ಹೇಳುತ್ತಾರೆ. ದಂಡಿಯ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲುಗಳು. ನುಡಿಸಲು ನಾಲ್ಕು ತಂತಿ, ತಾಳ ಹಾಕಲು ಪಕ್ಕದಲ್ಲಿ ಮೂರು. ಒಂದು ತುದಿಗೆ ಮರದ ಕೊಡ. ಇನ್ನೊಂದು ತುದಿಗೆ ಯಾಳಿಯ ಮುಖ, ಅದರ ಕೆಳಗೆ ಬುರುಡೆ. ಕೊಡಕ್ಕೆ ಹೆಚ್ಚಾಗಿ ಹಲಸಿನ ಮರ. ಮೈಸೂರಿನ ಕಡೆ ಬೀಟೆಯೂ ಉಂಟು. ಕರಾವಳಿಯ ಮದ್ದಲೆಯ ಒಡಲೂ ಹಲಸಿನದೇ. ಹಿತ್ತಿಲಲ್ಲಿ ಹಣ್ಣು ಕೊಡುವ ಆ ಒರಟು ಮರದೊಳಗೆ ಇಷ್ಟು ನಾದ ಅಡಗಿರುವುದನ್ನು ಮೊದಲು ಕಂಡವರಾರೋ! ಕಡಿದ ಮರದಲ್ಲಿ ಹಸಿ ಇರುವ ತನಕ ಅದು ನಾದವನ್ನು ನುಂಗುತ್ತದೆ. ವರ್ಷಗಳು ಕಳೆದಂತೆ ರಸವೆಲ್ಲ ಆರಿ, ಮರ ಹಗುರವಾಗಿ, ತಂತಿಯ ಸಣ್ಣ ಅಲುಗಾಟಕ್ಕೂ ಓಗೊಡತೊಡಗುತ್ತದೆ. ಹಳೆಯ ವೀಣೆಯನ್ನು ವೈಣಿಕರು ಕಣ್ಣಿನಂತೆ ಕಾಯುವುದು ಇದಕ್ಕಾಗಿಯೇ. ಪಾಶ್ಚಾತ್ಯರು ಸ್ಟ್ರಾಡಿವಾರಿಯ ಕೈಯಿಂದ ಹೊರಟ ಪಿಟೀಲುಗಳಿಗೆ ಆನೆಯ ಬೆಲೆ ಕೊಡುವುದರಲ್ಲಿ ಹೆಸರಿನ ಮೋಹವೂ ಸ್ವಲ್ಪ ಇದೆ. ಮೈಸೂರಿನ ಮನೆಗಳಲ್ಲಿ ತಾತನ ವೀಣೆಯನ್ನು ಮೊಮ್ಮಗ ನುಡಿಸುವುದರಲ್ಲಿ ಅದು ಕಡಮೆ.

ಮೆಟ್ಟಿಲುಗಳ ಕಥೆಯೇ ಬೇರೆ. ಅವನ್ನು ಮರಕ್ಕೆ ಮೊಳೆಯಿಂದ ಬಿಗಿದಿರುವುದಿಲ್ಲ. ಜೇನುಮೇಣಕ್ಕೆ ಮಸಿ ಕೂಡಿಸಿ ಮಾಡಿದ ಕಪ್ಪು ಮೇಣದ ದಿಂಡಿನ ಮೇಲೆ ಅವನ್ನು ಒಂದೊಂದಾಗಿ ಕಿವಿಯ ಅಳತೆಯಿಂದ ಕೂರಿಸಬೇಕು. ಇದಕ್ಕೆ ಮೇಳ ಕಟ್ಟುವುದು ಎಂದು ಹೆಸರು. ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಬೇಸಗೆಯಲ್ಲಿ ಮೇಣ ಮೆತ್ತಗಾಗುತ್ತದೆ. ಕೆಲವು ವರ್ಷಗಳಿಗೊಮ್ಮೆ ಎಲ್ಲವನ್ನೂ ಕಿತ್ತು ಮತ್ತೆ ಕಟ್ಟಬೇಕಾಗುತ್ತದೆ. ಹೀಗೆ ನೋಡಿದರೆ ವೀಣೆ ಎಂದೆಂದಿಗೂ ಮಾಡಿ ಮುಗಿದ ವಸ್ತುವಲ್ಲ. ಹಾಸುಗಾಗದದ ಮೇಲೆ ಬಣ್ಣವನ್ನು ಅದ್ದಿ ಆರಿಸಿ ಮತ್ತೆ ಅದ್ದುವ ಕೈಗೆ ಇಂಥ ವಾದ್ಯ ಒಗ್ಗಿದ್ದರಲ್ಲಿ ಆಶ್ಚರ್ಯವೇನು?

ಒಗ್ಗಿದ್ದಕ್ಕೆ ಇನ್ನೂ ಆಳವಾದ ಕಾರಣವಿರಬೇಕು. ಪಿಟೀಲಿನಲ್ಲಿ ಕಮಾನು ತಂತಿಯ ಮೇಲಿರುವ ತನಕ ನಾದವನ್ನು ನಿಲ್ಲಿಸಿಕೊಳ್ಳಬಹುದು, ಹಿಗ್ಗಿಸಬಹುದು, ಕುಗ್ಗಿಸಬಹುದು. ವೀಣೆಯಲ್ಲಿ ಹಾಗಿಲ್ಲ. ಮೀಟಿದ ನಾದ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಅದು ಪೂರ್ತಿ ಆರುವುದರೊಳಗೆ ಎಡಗೈ ತಂತಿಯನ್ನು ಓರೆಯಾಗಿ ಎಳೆದು ಗಮಕವನ್ನು ತೆಗೆಯಬೇಕು. ತಡವಾದರೆ ತೆಗೆಯಲು ನಾದವೇ ಉಳಿದಿರುವುದಿಲ್ಲ. ನೀರುಬಣ್ಣದ ಗತಿಯೂ ಇದೇ. ಎಣ್ಣೆಬಣ್ಣದವನು ಇಂದು ಬರೆದದ್ದನ್ನು ನಾಳೆ ಕೆರೆದು ತಿದ್ದಬಹುದು. ನೀರುಬಣ್ಣದವನು ಕಾಗದ ಆರುವುದರೊಳಗೆ ಮನಸ್ಸಿನಲ್ಲಿರುವುದನ್ನು ಇಳಿಸಬೇಕು. ತಪ್ಪಿದ ಗೆರೆ ತಪ್ಪಿಯೇ ಉಳಿಯುತ್ತದೆ. ಬೆಳ್ಳಗಿರಬೇಕಾದ ಕಡೆ ಏನನ್ನೂ ಹಚ್ಚದೆ ಬಿಡಬೇಕು. ವೈಣಿಕನೂ ಎರಡು ಮೀಟುಗಳ ನಡುವಿನ ಮೌನವನ್ನು ಹಾಗೆಯೇ ಬಿಡುತ್ತಾನೆ. ರವಿವರ್ಮರ ಎಣ್ಣೆಬಣ್ಣಕ್ಕೆ ಪಿಟೀಲು ಹೇಗೋ ವೆಂಕಟಪ್ಪನವರ ನೀರುಬಣ್ಣಕ್ಕೆ ವೀಣೆ ಹಾಗೆ ಎಂದರೆ ಹೋಲಿಕೆ ಸ್ವಲ್ಪ ಎಳೆದಂತಾದೀತು, ಪೂರ್ಣ ಸುಳ್ಳಾಗದು.

ಫ್ರಾನ್ಸಿನಲ್ಲಿ ಆಂಗ್ರ್ ಎಂಬ ಚಿತ್ರಕಾರನಿದ್ದನು. 1780ರಲ್ಲಿ ಹುಟ್ಟಿ 1867ರಲ್ಲಿ ತೀರಿಕೊಂಡ ಆತ ಮನುಷ್ಯಾಕೃತಿಯ ಗೆರೆಯಲ್ಲಿ ಸಾಟಿಯಿಲ್ಲದವನೆಂದು ಹೆಸರಾದನು. ತಾರುಣ್ಯದಲ್ಲಿ ತೂಲೂಸ್ ಪಟ್ಟಣದ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದನು. ಮುಂದೆಯೂ ಅದನ್ನು ಬಿಡಲಿಲ್ಲ. ಒಬ್ಬನು ತನ್ನ ಕಸುಬಿನಾಚೆಗೆ ಪ್ರೀತಿಯಿಂದ ಇಟ್ಟುಕೊಂಡ ಹವ್ಯಾಸಕ್ಕೆ ಫ್ರೆಂಚರು ಇಂದಿಗೂ ‘ಆಂಗ್ರನ ಪಿಟೀಲು’ ಎನ್ನುತ್ತಾರೆ. ಆ ಮಾತಿನಲ್ಲಿ ಸಣ್ಣದೊಂದು ನಗೆಯೂ ಇದೆ. ವೆಂಕಟಪ್ಪನವರ ವೀಣೆಗೆ ಆ ಮಾತು ಹೊಂದುವುದಿಲ್ಲ. ಅವರಿಗೆ ಅದು ಬಿಡುವಿನ ವೇಳೆಯ ಸಂತೋಷವಾಗಿರಲಿಲ್ಲ. ಕುಂಚದೊಡನೆ ಸ್ಪರ್ಧೆಗೆ ನಿಂತ ಇನ್ನೊಂದು ಸಾಧನೆಯಾಗಿತ್ತು. ತಮ್ಮೊಳಗಿನ ಈ ಸೆಣಸನ್ನೇ ವಸ್ತುವಾಗಿ ತೆಗೆದುಕೊಂಡು ಅವರು ಚಿತ್ರವೊಂದನ್ನು ಬರೆದರು. ವೀಣೆಯ ಹುಚ್ಚು ಎಂಬುದು ಅದರ ಹೆಸರು. ಹುಚ್ಚು ಎಂಬ ಮಾತನ್ನು ಊರವರು ಆಡುವ ಮೊದಲೇ ತಾವೇ ಆಡಿಬಿಟ್ಟರು! ಮದುವೆಯಾಗದೆ, ಊಟ ಉಡುಪುಗಳಲ್ಲಿ ತಪಸ್ವಿಯ ನಿಯಮವಿಟ್ಟುಕೊಂಡು, ದಿನಚರಿಯನ್ನು ತಪ್ಪದೆ ಬರೆದಿಡುತ್ತಿದ್ದ ಆ ಮನುಷ್ಯ ಗಂಟೆಗಳ ಲೆಕ್ಕವನ್ನು ಬಲ್ಲವರು. ವೀಣೆಗೆ ಕೊಟ್ಟ ಗಂಟೆಯನ್ನು ಕುಂಚದಿಂದಲೇ ಕಿತ್ತುಕೊಳ್ಳಬೇಕೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ನಷ್ಟವಾಗಲಿಲ್ಲ ಎಂದು ಹೇಳಲು ಬರುವುದಿಲ್ಲ. ನಂದಲಾಲ ಬಸುಗಳು ಬರೆದುದರ ರಾಶಿಯ ಮುಂದೆ ವೆಂಕಟಪ್ಪನವರದು ಚಿಕ್ಕ ಗಂಟು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರನೆಂಬ ಅರಸನ ಪ್ರಸಂಗ ಬರುತ್ತದೆ. ಪ್ರತಿಮೆ ಮಾಡುವುದನ್ನು ಕಲಿಸಬೇಕೆಂದು ಅವನು ಮಾರ್ಕಂಡೇಯ ಮುನಿಯನ್ನು ಕೇಳುತ್ತಾನೆ. ಚಿತ್ರ ತಿಳಿಯದೆ ಪ್ರತಿಮೆ ತಿಳಿಯದು ಎನ್ನುತ್ತಾನೆ ಮುನಿ. ಹಾಗಾದರೆ ಚಿತ್ರವನ್ನೇ ಕಲಿಸಿ ಎಂದರೆ, ನೃತ್ಯ ತಿಳಿಯದೆ ಚಿತ್ರ ತಿಳಿಯದು. ನೃತ್ಯಕ್ಕೆ ವಾದ್ಯ ಬೇಕು. ವಾದ್ಯಕ್ಕೆ ಗೀತ ಬೇಕು. ಅರಸನಿಗೆ ಬೇಕಾದದ್ದು ಒಂದು ವಿಗ್ರಹ. ಮುನಿ ತೋರಿಸಿದ್ದು ಒಂದರೊಳಗೊಂದು ತೆರೆಯುವ ಬಾಗಿಲುಗಳ ಸಾಲು. ಕಲೆಗಳ ಸಂಬಂಧವನ್ನು ಇಷ್ಟು ಸರಳವಾಗಿ ಹೇಳಿದ ಕಥೆ ಬೇರೆ ಇರಲಾರದು. ಪ್ರಾಯಶಃ ಚೌಕಿಯ ಮುಂದೆ ಕಣ್ಣರಳಿಸಿ ನಿಂತ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಯೂ ಇಲ್ಲ.

ಶೇಷಣ್ಣನವರು 1926ರಲ್ಲಿ ತೀರಿಕೊಂಡರು. ಆ ವರ್ಷದ ಸುಮಾರಿಗೆ ವೆಂಕಟಪ್ಪನವರು ಉದಕಮಂಡಲದ ಬೆಟ್ಟಗಳ ನಡುವೆ ಕುಳಿತು ನೀರುಬಣ್ಣದ ಚಿತ್ರಗಳನ್ನು ಬರೆಯುತ್ತಿದ್ದರು. 1930ರ ದಶಕದಲ್ಲಿ ಕೊಡೈಕಾನಲಿನಲ್ಲಿಯೂ ಬರೆದರು. ಇವುಗಳಲ್ಲಿ ರಾಮನಿಲ್ಲ, ಜಟಾಯುವಿಲ್ಲ. ಮನುಷ್ಯರ ಸುಳಿವೇ ಅಪರೂಪ. ಮಂಜು ಬೆಟ್ಟದ ಬೆನ್ನಿನಿಂದ ಇಳಿಯುತ್ತದೆ, ಮರಗಳ ತುದಿ ಅದರಲ್ಲಿ ಕರಗುತ್ತದೆ, ಮಳೆಮೋಡ ಒಡೆದು ಬೆಳಕಿನ ಒಂದು ಪಟ್ಟಿ ಹುಲ್ಲುಗಾವಲಿನ ಮೇಲೆ ಬೀಳುತ್ತದೆ. ಬೆಳಗಿನದು ಸಂಜೆಯದಲ್ಲ, ಸಂಜೆಯದು ಬೆಳುದಿಂಗಳಿನದಲ್ಲ. ಒಂದೊಂದು ಹೊತ್ತಿಗೆ ಒಂದೊಂದು ಬೆಳಕು, ರಾಗಗಳಿಗೆ ಹೊತ್ತು ಗೊತ್ತುಮಾಡಿದಂತೆ. ಕಲ್ಕತ್ತೆಯ ಕಾಲದ ಆಕೃತಿಚಿತ್ರಗಳು ಎಷ್ಟೇ ಸೊಗಸಾಗಿದ್ದರೂ ಅವು ಯಾರೋ ಹೇಳಿದ ಕಥೆಯ ಬೆನ್ನು ಹಿಡಿದು ಹೋಗುತ್ತವೆ. ಬೆಟ್ಟದ ಚಿತ್ರಗಳಿಗೆ ಕಥೆಯ ಆಸರೆ ಬೇಕಿಲ್ಲ. ಸಾಹಿತ್ಯವಿಲ್ಲದೆ ನಿಲ್ಲುವ ರಾಗಾಲಾಪನೆ ಹೇಗೋ ಅವೂ ಹಾಗೆ. ಶೇಷಣ್ಣನವರ ಮುಂದೆ ಕಳೆದ ವರ್ಷಗಳು ಎಲ್ಲಿ ಹೋದುವು ಎಂದು ಕೇಳುವವರು ಈ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹಾಗೆಂದು ಆಕೃತಿಯನ್ನು ಅವರು ತೊರೆದುಬಿಡಲಿಲ್ಲ. ದಂತದ ಮೇಲೆ ಬೆರಳಗಲದ ಮುಖಚಿತ್ರಗಳನ್ನು ಬರೆದರು. ಗಚ್ಚಿನಲ್ಲಿ ಶಕುಂತಲೆಯನ್ನು ಗಂಡನ ಮನೆಗೆ ಕಳುಹಿಸಿಕೊಡುವ ದೃಶ್ಯವೇ ಮೊದಲಾದ ಉಬ್ಬುಶಿಲ್ಪಗಳನ್ನು ಮಾಡಿದರು. ಅವುಗಳಲ್ಲಿ ಪರಿಶ್ರಮ ಎದ್ದು ಕಾಣುತ್ತದೆ. ಬೆಟ್ಟದ ಚಿತ್ರಗಳಲ್ಲಿ ಅದು ಕಾಣುವುದಿಲ್ಲ.

ವೀಣೆಯಂಥ ಮೆಲುದನಿಯ ವಾದ್ಯ ಕುಂದಾಪುರ, ಬೈಂದೂರುಗಳ ಬಯಲಿಗೆ ಎಂದೂ ಇಳಿದು ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ. ಕೊಲ್ಲೂರಿನ ಸರಸ್ವತೀ ಮಂಟಪದಂಥ ಕಡೆ, ಕಲ್ಲಿನ ಚಾವಣಿಯ ಕೆಳಗೆ, ಹತ್ತಿರ ಕುಳಿತ ಕೆಲವರ ಕಿವಿಗೆ ಅದು ಮುಟ್ಟೀತು. ಕೊಯ್ಲಾದ ಗದ್ದೆಯಲ್ಲಿ, ಚೆಂಡೆಯ ಪೆಟ್ಟಿನ ನಡುವೆ, ಅದರ ದನಿ ಭಾಗವತನಿಗೂ ಕೇಳದು. ಆದರೆ ತಂತಿವಾದ್ಯವನ್ನು ಆಟದೊಳಗೆ ತರಬೇಕೆಂಬ ಆಸೆ ಆ ಸೀಮೆಯವರಿಗೇ ಒಬ್ಬರಿಗೆ ಹುಟ್ಟಿತು. ಇಂದಿನ ಬ್ರಹ್ಮಾವರ ತಾಲ್ಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಾದಂಬರಿಕಾರರೆಂದು ಲೋಕಪ್ರಸಿದ್ಧರು. ಚಿತ್ರಕಲೆಯ ಚರಿತ್ರೆಯನ್ನು ಕನ್ನಡಿಗರಿಗೆ ಹೇಳಿದವರೂ, ಕುಂಚವನ್ನು ಸ್ವತಃ ಹಿಡಿದವರೂ ಅವರು. ಯಕ್ಷಗಾನವನ್ನು ಹೊಸದಾಗಿ ರೂಪಿಸಲು ಹೊರಟಾಗ ಮಾತನ್ನು ಕೈಬಿಟ್ಟು ಕುಣಿತ ಹಾಡುಗಳನ್ನು ಮುಂದೆ ತಂದರು. ವೇಷದ ಬಣ್ಣಗಳ ಹೊಂದಾಣಿಕೆಯನ್ನು ಚಿತ್ರಕಾರನ ಕಣ್ಣಿನಿಂದ ನೋಡಿದರು. ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಸೇರಿಸಿದರು. ಸಂಪ್ರದಾಯಸ್ಥರು ಇದನ್ನು ಒಪ್ಪಲಿಲ್ಲ. ಮಾತಿಲ್ಲದ ಆಟ ಉಪ್ಪಿಲ್ಲದ ಊಟವೆಂದು ಬಗೆಯುವ ಜನರಿಗೆ ಅದು ರುಚಿಸದೇ ಹೋದದ್ದು ಸಹಜ. ಕಾರಂತರ ಪ್ರಯೋಗ ಎಷ್ಟು ಸರಿ, ಎಷ್ಟು ತಪ್ಪು ಎಂಬ ಚರ್ಚೆ ಆ ಕಡೆಯ ಜಗಲಿಗಳಲ್ಲಿ ಸುಲಭವಾಗಿ ಮುಗಿಯುವುದಿಲ್ಲ. ಮುಗಿಯದಿರುವುದೇ ಅದಕ್ಕೆ ಸಂದ ಮರ್ಯಾದೆ ಎನ್ನಬಹುದು.

ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ದಾರಿ ಇನ್ನೊಂದು ಬಗೆಯದು. ತಂದೆ ಚೌತಿಗೆ ಮಣ್ಣಿನ ಗಣಪತಿಯನ್ನು ಮಾಡುತ್ತಿದ್ದವರು. ಮಗ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, ಅಲ್ಲಿಯೇ ಕೆಲವು ವರ್ಷ ಕಲಿಸಿ, ಪ್ಯಾರಿಸಿಗೂ ಹೋಗಿ ಬಂದರು. ಇಷ್ಟಾದ ಮೇಲೂ ಗೆರೆಗೆ ಲಯ ಸಾಲದೆಂದು ಅವರಿಗೆ ತೋರಿತು. ಗೆಜ್ಜೆ ಕಟ್ಟಿ ಕಥಕ್ ನೃತ್ಯವನ್ನು ಗುರುಮುಖದಿಂದ ಕಲಿತರು. ವೇದಿಕೆಯ ಮೇಲೆ ಕುಣಿಯುವ ಆಸೆ ಅವರಿಗಿರಲಿಲ್ಲ. ತಾಳ ಮೈಯೊಳಗೆ ಹೇಗೆ ಹರಿಯುತ್ತದೆ ಎಂದು ತಿಳಿಯಬೇಕಾಗಿತ್ತು, ಅಷ್ಟೆ. 1964ರಲ್ಲಿ ಅವರ ರೇಖಾಚಿತ್ರಗಳ ಪುಸ್ತಕ ‘ಹಾಡುವ ರೇಖೆ’ ಎಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ಹೊರಬಂದಿತು. ನರ್ತಕಿಯೊಬ್ಬಳನ್ನು ಕೈಯೆತ್ತದೆ ನಾಲ್ಕಾರು ಗೆರೆಗಳಲ್ಲಿ ಹಿಡಿದುಕೊಡುವ ಆ ಚಿತ್ರಗಳನ್ನು ನೋಡಿದವರಿಗೆ ಹೆಸರಿನ ವಿವರಣೆ ಬೇಕಾಗಲಿಲ್ಲ. ಹೆಬ್ಬಾರರು ಇನ್ನೊಂದು ಕಲೆಯ ಮನೆಗೆ ಹೋಗಿ ಬೇಕಾದುದನ್ನು ಕಲಿತು ತಮ್ಮ ಮನೆಗೆ ಹಿಂತಿರುಗಿದ ಜಾಣರು. ವೆಂಕಟಪ್ಪನವರು ಎರಡು ಮನೆಗಳಲ್ಲಿಯೂ ಬಾಳಲು ಹೊರಟವರು. ಅದರ ಬಾಡಿಗೆಯನ್ನೂ ತೆತ್ತರು.

ತೆತ್ತದ್ದು ವೀಣೆಗಾಗಿ ಮಾತ್ರವಲ್ಲ. ಪೋಷಕರಾದ ನಾಲ್ವಡಿಯವರು 1940ರಲ್ಲಿ ಕಾಲವಾದರು. ಅರಮನೆಗಾಗಿ ಮಾಡಿದ ಉಬ್ಬುಶಿಲ್ಪಗಳ ಪ್ರತಿಫಲದ ವಿಷಯದಲ್ಲಿ ಮನಸ್ತಾಪ ಬೆಳೆದು, ಚಿತ್ರಕಾರರು ಅರಮನೆಯ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು, ಜಯ ದೊರೆಯಲಿಲ್ಲ. ತಂದೆಯ ಕಾಲದಲ್ಲಿ ಚಿತ್ರಗಾರನೊಬ್ಬ ಅರಸು ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದನು. ಕಲೆಗೆ ಬೆಲೆಯನ್ನು ಕಲಾವಿದನೇ ಹೇಳುವನೆಂದು ಮಗ ಹಟ ಹಿಡಿದನು. ಇದನ್ನು ಮೊಂಡುತನವೆಂದವರು ಆಗಲೂ ಇದ್ದರು. ಆ ಮೊಂಡುತನವಿಲ್ಲದಿದ್ದರೆ ಅವರು ಮೂವತ್ತರ ಮೇಲೆ ಸರಳೆವರಸೆಗೆ ಕುಳಿತುಕೊಳ್ಳುತ್ತಲೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ಕೊನೆಯ ವರ್ಷಗಳನ್ನು ವೆಂಕಟಪ್ಪನವರು ಬೆಂಗಳೂರಿನಲ್ಲಿ ಏಕಾಂತವಾಗಿ ಕಳೆದರು. ಕೇಂದ್ರ ಲಲಿತಕಲಾ ಅಕಾಡೆಮಿ ಫೆಲೋಶಿಪ್ ನೀಡಿ ಗೌರವಿಸಿತು. 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಚಿತ್ರಶಾಲೆ 1970ರ ದಶಕದಲ್ಲಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಸರ್ಕಾರೀ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ತೆರೆಯಿತು. ಮುಂದೆ ಹೆಬ್ಬಾರರು ನಾಡಿಗೆ ಕೊಟ್ಟ ಚಿತ್ರಗಳಿಗೂ ಅದೇ ಕಟ್ಟಡದಲ್ಲಿ ಸ್ಥಳ ದೊರೆತದ್ದರಿಂದ, ಮಂಜಿನ ಬೆಟ್ಟಗಳನ್ನು ನೋಡಿದ ಕಣ್ಣಿಗೆ ಕುಣಿಯುವ ಗೆರೆಗಳೂ ಸಿಗುವಂತಾಯಿತು.

ಚಿತ್ರವನ್ನು ಕಾಪಾಡುವುದಕ್ಕೂ ವಾದ್ಯವನ್ನು ಕಾಪಾಡುವುದಕ್ಕೂ ಒಂದು ವ್ಯತ್ಯಾಸವಿದೆ. ನೀರುಬಣ್ಣದ ಹಾಳೆಗೆ ಬಿಸಿಲು ಸೋಕಬಾರದು, ಕೈ ಸೋಕಬಾರದು; ಗಾಜಿನ ಹಿಂದೆ, ಮಂದವಾದ ಬೆಳಕಿನಲ್ಲಿ ಇಟ್ಟಷ್ಟೂ ಬಣ್ಣ ಬಾಳುತ್ತದೆ. ವೀಣೆಯನ್ನು ಹಾಗೆ ಇಟ್ಟರೆ ಮೇಣ ಬಿರಿಯುತ್ತದೆ, ತಂತಿಗೆ ತುಕ್ಕು ಹತ್ತುತ್ತದೆ, ಬಿರಡೆ ಬಿಗಿದುಕೊಳ್ಳುತ್ತದೆ. ಅದಕ್ಕೆ ನಿತ್ಯವೂ ಯಾರದಾದರೂ ಬೆರಳು ಬೇಕು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಚಿತ್ರಗಳನ್ನು ನೋಡುತ್ತ ಬಂದವರು ಮೇಲಂತಸ್ತಿಗೆ ಏರಿದರೆ ಅಲ್ಲಿ ಹಳೆಯ ವಾದ್ಯಗಳನ್ನು ಸಾಲಾಗಿ ಇಟ್ಟಿರುವುದನ್ನು ಕಾಣುತ್ತಿದ್ದರು. ಕೆಳಗೆ ರವಿವರ್ಮರ ಹೆಂಗಸರು ವಾದ್ಯಗಳನ್ನು ಹಿಡಿದು ಕುಳಿತಿದ್ದಾರೆ. ಮೇಲೆ ವಾದ್ಯಗಳಿವೆ, ಹಿಡಿದವರಿಲ್ಲ. ಕೆಲವು ಮಕ್ಕಳು ಕಾವಲುಗಾರನ ಕಣ್ಣು ತಪ್ಪಿಸಿ ಒಂದು ತಂತಿಯನ್ನಾದರೂ ಮೀಟಲು ಕೈ ಚಾಚುತ್ತಿದ್ದರು.